ಅನುದಾನ ಪ್ರಸ್ತಾವನೆ ಬರೆಯುವುದನ್ನು ಕಲಿಯುವುದು ಎಲ್ಲಿಂದ? ಮೊದಲ ಅರ್ಜಿ ತಿರಸ್ಕೃತವಾದ ಮೇಲೆ ಕೇಳುತ್ತಿದ್ದೇನೆ (ಆನ್‌ಲೈನ್ ವೇದಿಕೆಯ ಚರ್ಚೆ; ‘ಹೊಸ ಕಡತ’, ‘ಎರಡನೇ ಕರಡು’ ಮುಂತಾದವು ಬರೆದವರ ವೇದಿಕೆಯ ಹೆಸರುಗಳು)

ಹೊಸ ಕಡತ:

ಎಲ್ಲರಿಗೂ ನಮಸ್ಕಾರ. ಶಾಲೆ ಬಿಟ್ಟ ಹದಿಹರೆಯದವರಿಗೆ ಸಂಜೆಯ ಹೊತ್ತು ಓದು-ಬರಹ ಕಲಿಸುವ ಸಣ್ಣ ಸ್ವಯಂಸೇವಾ ಸಂಸ್ಥೆಯೊಂದರಲ್ಲಿ ನಾನು ಎರಡು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನನ್ನ ಕೆಲಸ ಪಾಠ ಹೇಳುವುದು. ಆದರೆ ‘ನಿಮ್ಮ ಬರವಣಿಗೆ ಚೆನ್ನಾಗಿದೆ’ ಎಂಬ ಒಂದೇ ಕಾರಣಕ್ಕೆ ಅನುದಾನದ ಪ್ರಸ್ತಾವನೆ ಬರೆಯುವ ಹೊಣೆಯೂ ಕಳೆದ ವರ್ಷ ನನ್ನ ಹೆಗಲೇರಿತು. ಮೂರು ವಾರ ರಾತ್ರಿಯೆಲ್ಲ ಕುಳಿತು 22 ಪುಟ ಬರೆದೆ. ಐದು ತಿಂಗಳ ನಂತರ ಬಂದ ತಿರಸ್ಕಾರ ಪತ್ರದಲ್ಲಿ ಕಾರಣವೆಂದು ಇದ್ದದ್ದು ಒಂದೇ ಸಾಲು: ಸಮಸ್ಯೆಯ ವಿವರಣೆ ತೀರಾ ಸಾಮಾನ್ಯವಾಗಿದೆ, ಬಜೆಟ್ಟು ಚಟುವಟಿಕೆಗಳಿಗೆ ಹೊಂದುವುದಿಲ್ಲ.

ಇನ್ನು ಐದು ವಾರಕ್ಕೆ ಮತ್ತೊಂದು ಪ್ರತಿಷ್ಠಾನದ ಅರ್ಜಿಯ ಕೊನೆಯ ದಿನವಿದೆ. ಈ ವಿದ್ಯೆಯನ್ನು ಕ್ರಮವಾಗಿ ಕಲಿಯಬೇಕೆಂದುಕೊಂಡಿದ್ದೇನೆ. ಆನ್‌ಲೈನ್ ಕೋರ್ಸ್‌ಗೆ ಸೇರುವುದು ಒಳ್ಳೆಯದೇ, ಅಥವಾ ಒಳ್ಳೆಯ ಮಾದರಿ ಅರ್ಜಿಯೊಂದನ್ನು ಹುಡುಕಿ ಅದರ ಜಾಡಿನಲ್ಲಿ ಬರೆಯುವುದೇ? ನಮ್ಮ ಅರ್ಜಿಯ ‘ಅಗತ್ಯ’ ಎಂಬ ಭಾಗದ ಮೊದಲ ಸಾಲುಗಳನ್ನು ಇಲ್ಲಿ ಹಾಕುತ್ತಿದ್ದೇನೆ. ಸಂಕೋಚವಿಲ್ಲದೆ ತಿದ್ದಬೇಕೆಂದು ಕೋರುತ್ತೇನೆ.

“ಇಂದಿನ ಜಾಗತೀಕರಣದ ಯುಗದಲ್ಲಿ ಶಿಕ್ಷಣವು ಅತ್ಯಂತ ಮಹತ್ವದ ಸ್ಥಾನವನ್ನು ಪಡೆದಿದ್ದು, ಶಾಲೆಯಿಂದ ಹೊರಗುಳಿದ ಹದಿಹರೆಯದವರು ಸಮಾಜದ ಮುಖ್ಯವಾಹಿನಿಯಿಂದ ವಂಚಿತರಾಗಿದ್ದಾರೆ. ಇವರ ಸರ್ವತೋಮುಖ ಅಭಿವೃದ್ಧಿಗಾಗಿ ನಮ್ಮ ಸಂಸ್ಥೆಯು ಅವಿರತವಾಗಿ ಶ್ರಮಿಸುತ್ತಿದೆ. ಸಂಜೆ ಕಲಿಕಾ ಕೇಂದ್ರಗಳ ತೀವ್ರ ಕೊರತೆಯಿರುವುದರಿಂದ ನಾಲ್ಕು ಹೊಸ ಕೇಂದ್ರಗಳನ್ನು ಆರಂಭಿಸಲು ತಮ್ಮ ಸಹಾಯಹಸ್ತವನ್ನು ಕೋರುತ್ತೇವೆ.”

ಎರಡನೇ ಕರಡು:

ಹೊಸ ಕಡತ ಅವರೇ, ಈ ಸಾಲುಗಳಲ್ಲಿ ವ್ಯಾಕರಣದ ತಪ್ಪು ಒಂದೂ ಇಲ್ಲ, ಆದರೆ ನಿಮ್ಮ ಸಂಸ್ಥೆಯ ಹೆಸರನ್ನು ತೆಗೆದು ಬೇರೆ ಯಾವ ಸಂಸ್ಥೆಯ ಹೆಸರು ಹಾಕಿದರೂ ಇವು ಹಾಗೆಯೇ ನಡೆಯುತ್ತವೆ. ‘ಸಾಮಾನ್ಯ’ ಎಂದು ಅವರು ಬರೆದದ್ದು ಇದಕ್ಕೇ ಇರಬೇಕು. ಜಾಗತೀಕರಣ, ಮುಖ್ಯವಾಹಿನಿ, ಸರ್ವತೋಮುಖ, ಅವಿರತ, ಸಹಾಯಹಸ್ತ: ಈ ಐದು ಪದಗಳು ಸನ್ಮಾನ ಪತ್ರದಿಂದ ಎದ್ದು ಬಂದಂತಿವೆ.

ಅದಕ್ಕಿಂತ ದೊಡ್ಡ ದೋಷ ಮೂರನೇ ವಾಕ್ಯದಲ್ಲಿದೆ. ‘ಕೇಂದ್ರಗಳ ಕೊರತೆ ಇದೆ, ಆದ್ದರಿಂದ ಕೇಂದ್ರ ತೆರೆಯುತ್ತೇವೆ’ ಎನ್ನುವುದು ಪರಿಹಾರದ ಅಭಾವವನ್ನೇ ಸಮಸ್ಯೆಯೆಂದು ಕರೆದಂತೆ. ಈ ವೃತ್ತಾಕಾರದ ವಾದ ಹೊಸಬರ ಪ್ರಸ್ತಾವನೆಗಳಲ್ಲಿ ಮಾತ್ರವಲ್ಲ, ಹಳಬರಲ್ಲಿಯೂ ಕಾಣುತ್ತದೆ. ಕೇಂದ್ರ ಇಲ್ಲದಿರುವುದರಿಂದ ಯಾರಿಗೆ ಏನಾಗುತ್ತಿದೆ, ಕೇಂದ್ರ ಇರುವಲ್ಲಿಯೂ ಬಾರದವರು ಏಕೆ ಬರುತ್ತಿಲ್ಲ ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲಷ್ಟೇ ಕೇಂದ್ರ ಬೇಕೋ ಬೇಡವೋ ಎಂಬುದು ತಿಳಿಯುತ್ತದೆ.

ಮಾದರಿ ಅರ್ಜಿಗಳ ಬಗ್ಗೆ ಒಂದು ಮಾತು. ಅನುದಾನ ಪಡೆದ ಅರ್ಜಿಗಳನ್ನು ಖಂಡಿತ ಓದಿ, ಆದರೆ ಅದೇ ಪ್ರತಿಷ್ಠಾನದಿಂದ ಅನುದಾನ ಪಡೆದವುಗಳನ್ನು ಓದಿ, ಮತ್ತು ಜೊತೆಗೆ ಅವರ ಅರ್ಜಿ ಆಹ್ವಾನವನ್ನೂ ಇಟ್ಟುಕೊಂಡು ಓದಿ. ಆಹ್ವಾನದ ಯಾವ ಪ್ರಶ್ನೆಗೆ ಅರ್ಜಿಯ ಯಾವ ಪ್ಯಾರಾ ಉತ್ತರವಾಗಿದೆ ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತ ಹೋದರೆ ಎರಡು ಗಂಟೆಯಲ್ಲಿ ಕಲಿಯುವುದು ಬಹಳ. ಪ್ರಶ್ನೆಯನ್ನು ಬಿಟ್ಟು ಉತ್ತರವನ್ನಷ್ಟೇ ಓದಿದವರಿಗೆ ಸಿಗುವುದು ಪದಗಳು ಮಾತ್ರ.

ಅಂಕಪಟ್ಟಿ:

ನಾನು ಒಂದು ಪ್ರತಿಷ್ಠಾನದ ಪರಿಶೀಲನಾ ಸಮಿತಿಯಲ್ಲಿ ಕೆಲವು ವರ್ಷ ಕೂತಿದ್ದೆ. ಆ ಕುರ್ಚಿಯಲ್ಲಿ ಕೂತವರು ಏನು ಮಾಡುತ್ತಾರೆ ಎಂಬುದನ್ನು ಬರೆಯುವವರು ತಿಳಿದುಕೊಂಡರೆ ಕೋರ್ಸಿನ ಅರ್ಧ ಮುಗಿದಂತೆ ಎಂದು ನನ್ನ ಅನಿಸಿಕೆ. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಹೇಳುತ್ತೇನೆ.

ನಮಗೆ ಒಂದು ಸುತ್ತಿಗೆ ತಲಾ 20-25 ಅರ್ಜಿ ಕೊಡುತ್ತಿದ್ದರು. ಎಲ್ಲರೂ ಬೇರೆ ಉದ್ಯೋಗದಲ್ಲಿದ್ದವರು. ಓದುತ್ತಿದ್ದದ್ದು ರಾತ್ರಿ ಊಟದ ನಂತರ ಅಥವಾ ರಜೆಯ ದಿನ. ಪ್ರತಿ ಅರ್ಜಿಯ ಜೊತೆಗೆ ಒಂದು ಅಂಕಪಟ್ಟಿ ಇರುತ್ತಿತ್ತು: ಸಮಸ್ಯೆಯ ಸ್ಪಷ್ಟತೆಗೆ ಇಷ್ಟು, ಕಾರ್ಯವಿಧಾನಕ್ಕೆ ಇಷ್ಟು, ಸಂಸ್ಥೆಯ ಸಾಮರ್ಥ್ಯಕ್ಕೆ ಇಷ್ಟು, ಬಜೆಟ್‌ಗೆ ಇಷ್ಟು, ಮೌಲ್ಯಮಾಪನಕ್ಕೆ ಇಷ್ಟು. ಅಂಕ ಕೊಟ್ಟ ಮೇಲೆ ಅದಕ್ಕೆ ಕಾರಣವಾದ ಸಾಲು ಯಾವ ಪುಟದಲ್ಲಿದೆ ಎಂದು ನಾವೂ ಬರೆಯಬೇಕಿತ್ತು. ಅಂದರೆ ಪರಿಶೀಲಕರಿಗೂ ಒಂದು ಪರೀಕ್ಷೆಯಿದೆ: ಸಮಿತಿಯ ಸಭೆಯಲ್ಲಿ ನಿಮ್ಮ ಅರ್ಜಿಯ ಪರವಾಗಿ ಮಾತಾಡಲು ಅವರಿಗೆ ಎತ್ತಿ ತೋರಿಸಬಹುದಾದ ವಾಕ್ಯಗಳು ಬೇಕು. ಮನಸ್ಸಿಗೆ ಹಿಡಿಸಿದ ಅರ್ಜಿಯೊಂದನ್ನು ಸಭೆಯಲ್ಲಿ ಸಮರ್ಥಿಸಲು ಹೊರಟು, ಎತ್ತಿಹಿಡಿಯಲು ಒಂದು ಅಂಕಿ-ಅಂಶವೂ ಸಿಗದೆ ನಾನು ಸುಮ್ಮನಾದದ್ದುಂಟು.

ನಾನು ಮೊದಲು ಸಾರಾಂಶ ಓದುತ್ತಿದ್ದೆ, ಎರಡನೆಯದಾಗಿ ಬಜೆಟ್, ಉಳಿದದ್ದು ಆಮೇಲೆ. ಬಜೆಟ್ ಎರಡನೆಯದೇಕೆಂದರೆ ಅಲ್ಲಿ ಅಲಂಕಾರಕ್ಕೆ ಜಾಗವಿಲ್ಲ. ಸಂಸ್ಥೆ ನಿಜವಾಗಿ ಏನು ಮಾಡಲು ಹೊರಟಿದೆ ಎಂಬುದು ಆ ಕೋಷ್ಟಕದಲ್ಲಿ ಕಾಣುತ್ತದೆ. ‘ಸಮುದಾಯದ ಸಹಭಾಗಿತ್ವವೇ ನಮ್ಮ ಉಸಿರು’ ಎಂದು ಹತ್ತು ಕಡೆ ಬರೆದ ಅರ್ಜಿಯ ಬಜೆಟ್‌ನಲ್ಲಿ ಸಮುದಾಯದ ಸಭೆಗಳಿಗೆಂದು ಒಂದು ಸಾಲೂ ಇಲ್ಲದಿದ್ದರೆ ಯಾವುದನ್ನು ನಂಬಬೇಕು?

ಹೊಸ ಕಡತ ಅವರೇ, ನಿಮ್ಮ ಬಜೆಟ್‌ನ ಸಿಬ್ಬಂದಿ ಭಾಗವನ್ನಾದರೂ ಇಲ್ಲಿ ಹಾಕಲು ಸಾಧ್ಯವೇ? ಮೊತ್ತ ಬೇಡ, ಸಂಖ್ಯೆಗಳು ಸಾಕು.

ಹೊಸ ಕಡತ:

ಇಬ್ಬರಿಗೂ ಧನ್ಯವಾದ. ಸನ್ಮಾನ ಪತ್ರದ ಮಾತು ಓದಿ ನಗು ಬಂತು, ನಂತರ ಸ್ವಲ್ಪ ನೋವೂ ಆಯಿತು. ಸಿಬ್ಬಂದಿ ಭಾಗ ಹೀಗಿತ್ತು: ಶಿಕ್ಷಕರು 6, ತಿಂಗಳು 12, ಸಂಯೋಜಕರು 1, ತಿಂಗಳು 12. ಕಾರ್ಯವಿಧಾನದ ಭಾಗದಲ್ಲಿ ‘ನಾಲ್ಕು ಕೇಂದ್ರಗಳಲ್ಲಿ ತಲಾ ಇಬ್ಬರು ಶಿಕ್ಷಕರು ಹತ್ತು ತಿಂಗಳ ಕಾಲ ಬೋಧಿಸುತ್ತಾರೆ’ ಎಂದಿತ್ತು. ಬಜೆಟ್ಟನ್ನು ನಮ್ಮ ಲೆಕ್ಕದವರು ಹಿಂದಿನ ವರ್ಷದ ಹಾಳೆಯನ್ನು ತಿದ್ದಿ ಮಾಡಿಕೊಟ್ಟಿದ್ದರು. ಉಳಿದದ್ದನ್ನು ನಾನು ಬರೆದಿದ್ದೆ.

ಕೂಡಿಕಳೆ:

ಲೆಕ್ಕಪತ್ರ ವಿಭಾಗದವರ ಪರವಾಗಿ ನಾನು ಬರೆಯಲೇಬೇಕು. ನಾಲ್ಕು ಕೇಂದ್ರ, ತಲಾ ಇಬ್ಬರು, ಹತ್ತು ತಿಂಗಳು ಎಂದರೆ 80 ಶಿಕ್ಷಕ-ತಿಂಗಳು. ಬಜೆಟ್‌ನಲ್ಲಿರುವುದು ಆರು ಗುಣಿಸು ಹನ್ನೆರಡು, ಅಂದರೆ 72. ಹಣ ಕಡಿಮೆ ಕೇಳಿದ್ದೀರಲ್ಲ ಎಂದು ಯಾರೂ ಸಂತೋಷಪಡುವುದಿಲ್ಲ. ಎರಡು ಕೈಗಳು ಎರಡು ಯೋಜನೆ ಬರೆದಿವೆ ಎಂದು ಓದುವವರಿಗೆ ತಿಳಿಯುತ್ತದೆ. ‘ಬಜೆಟ್ಟು ಚಟುವಟಿಕೆಗಳಿಗೆ ಹೊಂದುವುದಿಲ್ಲ’ ಎಂದು ಅವರು ಹೇಳಿದ್ದು ಅಕ್ಷರಶಃ ನಿಜ.

ಇದನ್ನು ಸರಿಪಡಿಸುವ ದಾರಿ ಸರಳ, ಆದರೆ ಅದಕ್ಕೆ ತಾಳ್ಮೆ ಬೇಕು. ಮೊದಲು ಚಟುವಟಿಕೆಗಳನ್ನು ತಿಂಗಳುವಾರು ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿಯೊಂದು ಚಟುವಟಿಕೆಯ ಎದುರು ಅದಕ್ಕೆ ಬೇಕಾಗುವ ಜನ, ಜಾಗ, ಸಾಮಗ್ರಿ, ಪ್ರಯಾಣವನ್ನು ಬರೆಯಿರಿ. ಅದರ ನಂತರ ದರ ಹಾಕಿ. ಬಜೆಟ್‌ನ ಪ್ರತಿ ಸಾಲಿಗೂ ಒಂದು ಚಟುವಟಿಕೆಯ ಸಂಖ್ಯೆ ಇರಬೇಕು, ಪ್ರತಿ ಚಟುವಟಿಕೆಗೂ ಒಂದಾದರೂ ಬಜೆಟ್ ಸಾಲು ಇರಬೇಕು. ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿರುವುದನ್ನು ಕೆಂಪು ಬಣ್ಣದಲ್ಲಿ ಗುರುತಿಸಿ. ವೆಚ್ಚವೇ ಇಲ್ಲದ ಚಟುವಟಿಕೆಯಿದ್ದರೆ, ಉದಾಹರಣೆಗೆ ಸ್ವಯಂಸೇವಕರು ನಡೆಸುವ ಮನೆ ಭೇಟಿ, ಅದನ್ನು ಸಂಸ್ಥೆಯ ಕೊಡುಗೆಯೆಂದು ತೋರಿಸಿ, ಬಿಡಬೇಡಿ.

ಬಜೆಟ್ ವಿವರಣೆ ಎಂಬ ಪ್ರತ್ಯೇಕ ಭಾಗವನ್ನು ಅನೇಕರು ಕೊನೆಯ ರಾತ್ರಿ ಬರೆಯುತ್ತಾರೆ. ‘ಕಲಿಕಾ ಸಾಮಗ್ರಿ: ಒಟ್ಟು ಮೊತ್ತ’ ಎಂದು ಬರೆಯುವುದಕ್ಕೂ ‘ಒಬ್ಬ ಕಲಿಕಾರ್ಥಿಗೆ ಎರಡು ಪುಸ್ತಕ, ನಾಲ್ಕು ನೋಟ್‌ಬುಕ್, 60 ಕಲಿಕಾರ್ಥಿಗಳು’ ಎಂದು ಬಿಡಿಸಿ ಬರೆಯುವುದಕ್ಕೂ ಬಹಳ ವ್ಯತ್ಯಾಸವಿದೆ. ಎರಡನೆಯದನ್ನು ಓದಿದವರು ಪ್ರಶ್ನೆ ಕೇಳುವುದಿಲ್ಲ.

ಕ್ಷೇತ್ರ ಡೈರಿ:

ಒಂದು ಭಿನ್ನಾಭಿಪ್ರಾಯ. ಸಣ್ಣ ಸಂಸ್ಥೆಗಳು ಬಜೆಟ್‌ನಲ್ಲಿ ಬಾಡಿಗೆ, ವಿದ್ಯುತ್, ಲೆಕ್ಕಪರಿಶೋಧನೆ ಎಂದೆಲ್ಲ ತೋರಿಸಿದರೆ ‘ಆಡಳಿತಕ್ಕೇ ಹಣ ಹೋಗುತ್ತದೆ’ ಎಂಬ ಭಾವನೆ ಬರುತ್ತದೆ. ನಮ್ಮ ಸಂಸ್ಥೆಯಲ್ಲಿ ನಾವು ಅವನ್ನು ತೋರಿಸುವುದೇ ಇಲ್ಲ, ಹೇಗೋ ತೂಗಿಸುತ್ತೇವೆ.

ಕೂಡಿಕಳೆ:

ಕ್ಷೇತ್ರ ಡೈರಿ ಅವರೇ, ಆ ‘ಹೇಗೋ’ ಎಂಬುದು ಯಾರ ಜೇಬಿನಿಂದ ಬರುತ್ತದೆ ಎಂದು ಕೇಳಬಹುದೇ? ಸಾಮಾನ್ಯವಾಗಿ ಅದು ಕಡಿಮೆ ಸಂಬಳದ ಲೆಕ್ಕಿಗರಿಂದಲೋ, ದುರಸ್ತಿಯಾಗದ ಕಂಪ್ಯೂಟರಿನಿಂದಲೋ ಬರುತ್ತದೆ. ಸಂಸ್ಥೆಗಳು ನಿಜವಾದ ಆಡಳಿತ ವೆಚ್ಚವನ್ನು ಮುಚ್ಚಿಡುತ್ತವೆ, ಅದರಿಂದ ದಾನಿಗಳ ನಿರೀಕ್ಷೆ ಇನ್ನಷ್ಟು ಕೆಳಗಿಳಿಯುತ್ತದೆ, ಆ ನಿರೀಕ್ಷೆಗೆ ಹೊಂದಲು ಸಂಸ್ಥೆಗಳು ಮತ್ತಷ್ಟು ಮುಚ್ಚಿಡುತ್ತವೆ. ಈ ಸುಳಿಗೆ 2009ರಲ್ಲಿ ಸ್ಟ್ಯಾನ್‌ಫರ್ಡ್ ಸೋಷಿಯಲ್ ಇನೊವೇಶನ್ ರಿವ್ಯೂ ಪತ್ರಿಕೆಯ ಲೇಖನವೊಂದು ‘ಹಸಿವಿನ ಚಕ್ರ’ ಎಂಬ ಅರ್ಥದ ಹೆಸರಿಟ್ಟಿತು. ಆ ಹೆಸರು ಈಗಲೂ ಚಲಾವಣೆಯಲ್ಲಿದೆ.

ನಿಯಮಗಳು ದಾನಿಯಿಂದ ದಾನಿಗೆ ಬೇರೆ. ಅಮೆರಿಕದ ಕೇಂದ್ರ ಸರ್ಕಾರದ ಅನುದಾನಗಳಲ್ಲಿ, ಮೊದಲೇ ಒಪ್ಪಿತವಾದ ಪರೋಕ್ಷ ವೆಚ್ಚದ (ಬಾಡಿಗೆ, ವಿದ್ಯುತ್, ಲೆಕ್ಕಪರಿಶೋಧನೆಯಂಥ ಆಡಳಿತ ವೆಚ್ಚದ) ದರವಿಲ್ಲದ ಸಂಸ್ಥೆಗಳು ಹಾಕಿಕೊಳ್ಳಬಹುದಾದ ದರ ಬಹುಕಾಲ ಶೇ. 10 ಇತ್ತು, ಅಕ್ಟೋಬರ್ 2024ರಿಂದ ಅದನ್ನು ಶೇ. 15ರವರೆಗೆ ಏರಿಸಿದರು. ಯುರೋಪಿಯನ್ ಒಕ್ಕೂಟವು ಹೊರದೇಶಗಳಲ್ಲಿನ ಅಭಿವೃದ್ಧಿ ಯೋಜನೆಗಳಿಗೆ ಕೊಡುವ ಅನುದಾನದಲ್ಲಿ ಪರೋಕ್ಷ ವೆಚ್ಚದ ಮಿತಿ ಸಾಮಾನ್ಯವಾಗಿ ಶೇ. 7, ಅದೇ ಒಕ್ಕೂಟದ ‘ಹೊರೈಜನ್ ಯುರೋಪ್’ ಸಂಶೋಧನಾ ಕಾರ್ಯಕ್ರಮದಲ್ಲಿ ಶೇ. 25ರ ಸ್ಥಿರ ದರವಿದೆ. ಕೆಲವು ಪ್ರತಿಷ್ಠಾನಗಳು ಒಂದು ಪೈಸೆಯನ್ನೂ ಕೊಡುವುದಿಲ್ಲ. ಆದ್ದರಿಂದ ಮೊದಲು ಅವರ ಮಾರ್ಗಸೂಚಿ ಓದಿ. ಪರೋಕ್ಷ ವೆಚ್ಚವೆಂಬ ಸಾಲಿಗೆ ಅವಕಾಶ ಇಲ್ಲದಿದ್ದರೂ, ಯೋಜನೆಗೆ ನೇರವಾಗಿ ಸೇರುವ ಪಾಲನ್ನು ನೇರ ವೆಚ್ಚವಾಗಿ ತೋರಿಸಲು ಅನೇಕ ಕಡೆ ಅಡ್ಡಿಯಿಲ್ಲ: ಕೇಂದ್ರದ ಕೊಠಡಿಯನ್ನು ಈ ಯೋಜನೆ ದಿನಕ್ಕೆ ಎರಡು ಗಂಟೆ ಬಳಸಿದರೆ ಆ ಎರಡು ಗಂಟೆಯ ಪಾಲಿನ ಬಾಡಿಗೆ, ಸಂಯೋಜಕರ ಸಮಯದಲ್ಲಿ ಶೇ. 30 ಹೋದರೆ ಸಂಬಳದ ಶೇ. 30. ಪಾಲು ಹಂಚಿದ ಆಧಾರವನ್ನು ಬರೆದಿಡಬೇಕು, ಮತ್ತು ಒಂದೇ ವೆಚ್ಚವನ್ನು ಎರಡು ದಾನಿಗಳ ಲೆಕ್ಕಕ್ಕೆ ಎಂದೂ ಹಾಕಬಾರದು.

ಅಂಕಪಟ್ಟಿ:

ಕೂಡಿಕಳೆ ಅವರ ಮಾತಿಗೆ ನನ್ನ ಒಪ್ಪಿಗೆಯಿದೆ. ಆಡಳಿತ ವೆಚ್ಚ ಸೊನ್ನೆ ಎಂದು ತೋರಿಸಿದ ಅರ್ಜಿ ನನ್ನಲ್ಲಿ ಮೆಚ್ಚುಗೆಗಿಂತ ಅನುಮಾನವನ್ನೇ ಹೆಚ್ಚು ಹುಟ್ಟಿಸುತ್ತಿತ್ತು: ಇವರ ಲೆಕ್ಕ ಬರೆಯುವವರು ಯಾರು, ವರ್ಷದ ಕೊನೆಗೆ ವರದಿ ಕೊಡುವವರು ಯಾರು?

ಎರಡನೇ ಕರಡು:

ಬಜೆಟ್‌ಗೂ ಮೊದಲು ಬರಬೇಕಾದ ಒಂದು ಕೆಲಸವಿದೆ, ಅದನ್ನು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ಅನೇಕ ದಾನಿಗಳು ‘ಲಾಗ್‌ಫ್ರೇಮ್’ ಎಂಬ ಕೋಷ್ಟಕ ಕೇಳುತ್ತಾರೆ. ಇದು 1969ರಲ್ಲಿ ಅಮೆರಿಕದ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಸ್ಥೆಗಾಗಿ (ಯುಎಸ್‌ಏಡ್) ರೂಪಿಸಿದ ಸಾಧನ. ಮುಂದೆ ಬೇರೆ ದೇಶಗಳ ನೆರವು ಸಂಸ್ಥೆಗಳೂ ಇದನ್ನು ತಮ್ಮದಾಗಿಸಿಕೊಂಡವು. ನಾಲ್ಕು ಅಡ್ಡಸಾಲು, ನಾಲ್ಕು ಕಂಬಸಾಲು. ಅಡ್ಡಸಾಲುಗಳು ಕೆಳಗಿನಿಂದ ಮೇಲಕ್ಕೆ ಚಟುವಟಿಕೆ, ಉತ್ಪನ್ನ (ಚಟುವಟಿಕೆಯಿಂದ ನೇರವಾಗಿ ದೊರೆಯುವುದು), ಉದ್ದೇಶ, ದೂರದ ಗುರಿ. ಕಂಬಸಾಲುಗಳು ವಿವರಣೆ, ಸೂಚಕ (ಆದದ್ದನ್ನು ಅಳೆಯುವ ಗುರುತು), ಪುರಾವೆ ಎಲ್ಲಿ ಸಿಗುತ್ತದೆ ಎಂಬುದು, ಮತ್ತು ನಮ್ಮ ಹಿಡಿತದಲ್ಲಿಲ್ಲದ ಊಹೆಗಳು.

ಹೆಚ್ಚಿನವರು ಇದನ್ನು ಅರ್ಜಿ ಬರೆದು ಮುಗಿದ ಮೇಲೆ ತುಂಬುತ್ತಾರೆ; ಆಗ ಅದು ಶುದ್ಧ ಹಿಂಸೆ. ಅರ್ಜಿಗೂ ಮೊದಲು ತುಂಬಿದರೆ ಅದೇ ಕೋಷ್ಟಕ ನಿಮ್ಮ ತರ್ಕದ ತೂತುಗಳನ್ನು ತೋರಿಸುತ್ತದೆ. ಕೆಳಗಿನಿಂದ ಮೇಲಕ್ಕೆ ‘ಹೀಗೆ ಮಾಡಿದರೆ, ಮತ್ತು ಈ ಊಹೆ ನಿಜವಾದರೆ, ಹೀಗಾಗುತ್ತದೆ’ ಎಂದು ಗಟ್ಟಿಯಾಗಿ ಓದಿ ನೋಡಿ. ‘ಕೇಂದ್ರ ತೆರೆದರೆ, ಮತ್ತು ಹುಡುಗರು ಬಂದರೆ, ಅವರು ಓದಲು ಕಲಿಯುತ್ತಾರೆ.’ ಇಲ್ಲಿ ಇಡೀ ಯೋಜನೆ ‘ಹುಡುಗರು ಬಂದರೆ’ ಎಂಬ ಊಹೆಯ ಮೇಲೆ ನಿಂತಿದೆ. ಬರುತ್ತಾರೆಂದು ನಿಮಗೆ ಹೇಗೆ ಗೊತ್ತು? ಇದಕ್ಕೆ ಉತ್ತರವಿಲ್ಲದಿದ್ದರೆ ಕೋಷ್ಟಕದ ಉಳಿದ ಹದಿನೈದು ಚೌಕಗಳನ್ನು ಎಷ್ಟು ಅಂದವಾಗಿ ತುಂಬಿದರೂ ವ್ಯರ್ಥ.

ಸೂಚಕಗಳ ವಿಷಯದಲ್ಲಿ ‘ಸ್ಮಾರ್ಟ್’ (SMART: ನಿರ್ದಿಷ್ಟ, ಅಳೆಯಬಹುದಾದ, ಸಾಧಿಸಬಹುದಾದ, ಪ್ರಸ್ತುತ, ಕಾಲಮಿತಿಯುಳ್ಳ) ಎಂಬ ಐದು ಇಂಗ್ಲಿಷ್ ಅಕ್ಷರಗಳ ಸೂತ್ರವನ್ನು ಎಲ್ಲ ತರಬೇತಿಗಳಲ್ಲೂ ಹೇಳುತ್ತಾರೆ. ಜಾರ್ಜ್ ಡೋರನ್ 1981ರಲ್ಲಿ ಇದನ್ನು ಮೊದಲು ಬರೆದಾಗ ನಡುವಿನ ‘ಎ’ ಅಕ್ಷರಕ್ಕೆ ಈಗ ಹೇಳುವ ‘ಸಾಧಿಸಬಹುದಾದ’ ಎಂಬ ಅರ್ಥ ಇರಲಿಲ್ಲ. ಯಾರಿಗೆ ವಹಿಸಬಹುದು, ಅಂದರೆ ಯಾರು ಮಾಡುತ್ತಾರೆ, ಎಂಬುದು ಅದರ ಅರ್ಥವಾಗಿತ್ತು. ಆ ಹಳೆಯ ಅರ್ಥವೇ ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ. ‘ಮಾಡಲಾಗುವುದು’, ‘ಹಮ್ಮಿಕೊಳ್ಳಲಾಗುವುದು’ ಎಂಬ ಕರ್ತೃವಿಲ್ಲದ ವಾಕ್ಯಗಳಲ್ಲಿ ಕೆಲಸ ಯಾರದೆಂಬುದು ಮಾಯವಾಗುತ್ತದೆ. ನಿಮ್ಮ ಕರಡಿನಲ್ಲಿ ‘-ಲಾಗುವುದು’ ಎಂದು ಹುಡುಕಿ, ಸಿಕ್ಕಲ್ಲೆಲ್ಲ ಕರ್ತೃವನ್ನು ಹಾಕಿ ನೋಡಿ. ಹಾಕಲು ಜನರೇ ಇಲ್ಲದ ಒಂದೆರಡು ಚಟುವಟಿಕೆ ಖಂಡಿತ ಹೊರಬೀಳುತ್ತವೆ.

ಕ್ಷೇತ್ರ ಡೈರಿ:

ಮೇಲಿನ ಪ್ರಶ್ನೆ, ‘ಬರುತ್ತಾರೆಂದು ಹೇಗೆ ಗೊತ್ತು’ ಎಂಬುದು, ನಮ್ಮಂಥ ಕ್ಷೇತ್ರಕಾರ್ಯಕರ್ತರು ಉತ್ತರಿಸಬೇಕಾದದ್ದು. ಆದರೆ ಪ್ರಸ್ತಾವನೆ ಬರೆಯುವಾಗ ನಮ್ಮನ್ನು ಯಾರೂ ಕೇಳುವುದಿಲ್ಲ. ಹೊಸ ಕಡತ ಅವರೇ, ನಿಮ್ಮ ಈಗಿನ ಕೇಂದ್ರಗಳ ಹಾಜರಿ ಪುಸ್ತಕ ಇದೆಯಲ್ಲವೇ? ಅದನ್ನು ಕೆಳಗಿಟ್ಟು ಬೇರೆ ಎಲ್ಲಿಂದಲೋ ಅಂಕಿ ಹುಡುಕಬೇಡಿ. ಯಾರು ಸೇರಿದರು, ಯಾವ ತಿಂಗಳಲ್ಲಿ ಬಿಟ್ಟರು ಎಂದು ಎಣಿಸಿ. ಬಿಟ್ಟವರಲ್ಲಿ ಸಿಕ್ಕಷ್ಟು ಜನರನ್ನು ಹುಡುಕಿಕೊಂಡು ಹೋಗಿ ಕಾರಣ ಕೇಳಿ. ಕೇಳುವಾಗ ‘ಓದಲು ಆಸಕ್ತಿ ಇಲ್ಲವೇ’ ಎಂದು ಕೇಳಬೇಡಿ. ‘ಬರದೇ ಹೋದ ಆ ವಾರ ಏನಾಯಿತು’ ಎಂದು ಕೇಳಿ.

ಪುಟಮಿತಿ:

ನಡುವೆ ಬಂದದ್ದಕ್ಕೆ ಕ್ಷಮಿಸಿ, ಒಂದು ಸಣ್ಣ ತಾಂತ್ರಿಕ ಎಚ್ಚರಿಕೆ. ಅರ್ಜಿಯನ್ನು ಕನ್ನಡದಲ್ಲಿ ಆನ್‌ಲೈನ್ ನಮೂನೆಗೆ ತುಂಬುವುದಾದರೆ ಅಕ್ಷರಮಿತಿಯನ್ನು ನಂಬಬೇಡಿ. ನಾವು ಒಂದೇ ಅಕ್ಷರವೆಂದು ಬರೆಯುವ ‘ಸ್ತ್ರೀ’ ಎಂಬುದು ಯೂನಿಕೋಡ್‌ನಲ್ಲಿ (ಕಂಪ್ಯೂಟರು ಅಕ್ಷರಗಳನ್ನು ಗುರುತಿಸುವ ಸಂಕೇತ ಪದ್ಧತಿ) ಆರು ಸಂಕೇತಗಳು: ಮೂರು ವ್ಯಂಜನ, ಒತ್ತಕ್ಷರ ಮಾಡುವ ಎರಡು ಹಲಂತ ಚಿಹ್ನೆ, ಒಂದು ಸ್ವರಚಿಹ್ನೆ. 2000 ಎಂಬ ಮಿತಿ ನೀವೆಣಿಸಿದ್ದಕ್ಕಿಂತ ಬಹಳ ಬೇಗ ಮುಗಿಯುತ್ತದೆ, ಮತ್ತು ಕೆಲವು ನಮೂನೆಗಳು ಮಿತಿ ಮೀರಿದ ಭಾಗವನ್ನು ಸದ್ದಿಲ್ಲದೆ ಕತ್ತರಿಸುತ್ತವೆ. ಒಂದು ವಾರ ಮೊದಲೇ ಕರಡನ್ನು ತುಂಬಿ, ಉಳಿಸಿ, ಮತ್ತೆ ತೆರೆದು ನೋಡಿ. ನೋಂದಣಿ ಪತ್ರ, ಲೆಕ್ಕಪರಿಶೋಧನಾ ವರದಿ, ಆಡಳಿತ ಮಂಡಳಿಯ ನಿರ್ಣಯದ ಪ್ರತಿ ಇವೆಲ್ಲ ಒಂದು ಫೋಲ್ಡರ್‌ನಲ್ಲಿ ಸದಾ ಸಿದ್ಧವಿರಲಿ.

ಹೊಸ ಕಡತ:

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಕ್ಷೇತ್ರ ಡೈರಿ ಅವರು ಹೇಳಿದಂತೆ ಹಾಜರಿ ಪುಸ್ತಕ ತೆಗೆದು ಕುಳಿತೆ. ಎರಡು ಕೇಂದ್ರಗಳಿಗೆ ಕಳೆದ ವರ್ಷ ಸೇರಿದವರು 64 ಮಂದಿ. ಮೂರನೇ ತಿಂಗಳು ಮುಗಿಯುವುದರೊಳಗೆ ಬಿಟ್ಟವರು 23. ಅವರಲ್ಲಿ 19 ಮಂದಿ ನಮಗೆ ಮತ್ತೆ ಸಿಕ್ಕರು. ಮನೆಯಲ್ಲಿ ಒಪ್ಪುವುದಿಲ್ಲ, ಪಾಠ ಕಷ್ಟ ಎಂಬ ಉತ್ತರಗಳನ್ನು ನಾನು ನಿರೀಕ್ಷಿಸಿದ್ದೆ. ಆದರೆ 14 ಮಂದಿ ಹೇಳಿದ್ದು ಒಂದೇ ಕಾರಣ: ನಮ್ಮ ಪಾಠ ಆರು ಗಂಟೆಗೆ ಶುರುವಾಗುತ್ತದೆ, ಅವರ ಕೆಲಸ ಏಳಕ್ಕೆ ಮುಗಿಯುತ್ತದೆ.

ಎರಡು ವರ್ಷ ಅದೇ ಕೊಠಡಿಯಲ್ಲಿ ಪಾಠ ಹೇಳಿದ ನನಗೆ ಇದು ಗೊತ್ತಿರಲಿಲ್ಲ ಎಂಬುದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಈಗ ಇನ್ನೊಂದು ತೊಡಕು. ಆಡಳಿತ ಮಂಡಳಿಯಲ್ಲಿ ನಾಲ್ಕು ಹೊಸ ಕೇಂದ್ರಗಳೆಂದು ಈಗಾಗಲೇ ನಿರ್ಣಯವಾಗಿದೆ. ಕೇಂದ್ರಗಳನ್ನು ತೆರೆದು ಆರು ಗಂಟೆಗೇ ಪಾಠ ಶುರುಮಾಡಿದರೆ ಅಲ್ಲೂ ಇದೇ ಆಗುತ್ತದೆ. ಬರೆಯುವವಳಾಗಿ ನಾನು ಯೋಜನೆಯನ್ನೇ ಪ್ರಶ್ನಿಸಬಹುದೇ?

ಜೊತೆಗೆ, ನಮ್ಮ ಮಂಡಳಿಯ ಸದಸ್ಯರೊಬ್ಬರು ‘ಇಷ್ಟೆಲ್ಲ ತಲೆನೋವು ಏಕೆ, ಮಂಜೂರಾದ ಮೊತ್ತದಲ್ಲಿ ಇಂತಿಷ್ಟು ಶೇಕಡ ಕೊಟ್ಟರೆ ಬರೆದುಕೊಡುವವರಿದ್ದಾರೆ’ ಎನ್ನುತ್ತಿದ್ದಾರೆ.

ಎರಡನೇ ಕರಡು:

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಚಿಕ್ಕದು: ಬೇಡ. ಅಮೆರಿಕದ ಗ್ರಾಂಟ್ ಪ್ರೊಫೆಷನಲ್ಸ್ ಅಸೋಸಿಯೇಷನ್ ಮತ್ತು ಅಸೋಸಿಯೇಷನ್ ಆಫ್ ಫಂಡ್‌ರೈಸಿಂಗ್ ಪ್ರೊಫೆಷನಲ್ಸ್ ಎಂಬ, ಅನುದಾನ ಮತ್ತು ನಿಧಿ ಸಂಗ್ರಹದ ವೃತ್ತಿಪರರ ಸಂಘಗಳೆರಡರ ನೀತಿಸಂಹಿತೆಗಳೂ ಮೊತ್ತದ ಶೇಕಡ ಲೆಕ್ಕದಲ್ಲಿ ಕಮಿಷನ್ ಪಡೆಯುವುದನ್ನು ನಿಷೇಧಿಸಿವೆ. ಕಾರಣ ಸ್ಪಷ್ಟವಾಗಿದೆ. ದಾನಿ ಕೊಡುವ ಹಣ ಯೋಜನೆಯ ಚಟುವಟಿಕೆಗಳಿಗೆ ಮೀಸಲು. ಅರ್ಜಿ ಬರೆದ ಕೂಲಿಯನ್ನು ಅದರಿಂದ ತೆಗೆಯಲು ಸಾಮಾನ್ಯವಾಗಿ ಅನುಮತಿ ಇರುವುದಿಲ್ಲ. ಮೇಲಾಗಿ, ಮೊತ್ತ ಹೆಚ್ಚಿದಷ್ಟೂ ಲಾಭ ಎನ್ನುವವರು ನಿಮ್ಮ ಕೈಲಾಗುವುದಕ್ಕಿಂತ ದೊಡ್ಡ ಯೋಜನೆಯನ್ನೇ ಬರೆಯುತ್ತಾರೆ, ನಡೆಸುವ ಹೊತ್ತಿಗೆ ಅವರಿರುವುದಿಲ್ಲ. ಹೊರಗಿನವರ ಸಹಾಯ ಬೇಕೇ ಆದರೆ ಗಂಟೆಗಿಷ್ಟು ಅಥವಾ ಕೆಲಸಕ್ಕಿಷ್ಟು ಎಂದು ನಿಗದಿ ಮಾಡಿಕೊಳ್ಳಿ.

ಇನ್ನು ಮೊದಲ ಪ್ರಶ್ನೆ. ನೀವು ಪ್ರಶ್ನಿಸಲೇಬೇಕು. ಈ ವಿದ್ಯೆಯಲ್ಲಿ ನಾನು ತಡವಾಗಿ ಕಲಿತದ್ದು ಇದನ್ನೇ. ಹಲವು ವರ್ಷ ನಾನು ಪ್ರಸ್ತಾವನೆ ಎಂದರೆ ಬೇರೆಯವರು ನಿರ್ಧರಿಸಿದ್ದನ್ನು ಚೆಂದದ ಭಾಷೆಗೆ ಇಳಿಸುವ ಕೆಲಸ ಎಂದುಕೊಂಡಿದ್ದೆ, ಅದಕ್ಕಾಗಿಯೇ ನನ್ನ ವಾಕ್ಯಗಳು ನಿಮ್ಮ ಮೊದಲ ಪ್ಯಾರಾದಂತೆ ಊದಿಕೊಂಡಿದ್ದವು. ಹೇಳಲು ಏನೂ ಇಲ್ಲದಾಗ ಭಾಷೆ ದಪ್ಪವಾಗುತ್ತದೆ. ನಿಮ್ಮ ಕೈಯಲ್ಲೀಗ 64, 23, 19, 14 ಎಂಬ ನಾಲ್ಕು ಸಂಖ್ಯೆಗಳಿವೆ. ಅವುಗಳನ್ನು ಒಂದು ಪುಟದಲ್ಲಿ ಬರೆದು ಮಂಡಳಿಯ ಮುಂದಿಡಿ.

1975ರಿಂದ 1977ರವರೆಗೆ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾವನ್ನು ಮುನ್ನಡೆಸಿದ ಜಾರ್ಜ್ ಹೈಲ್‌ಮೈಯರ್ ತಮ್ಮ ಬಳಿ ಬಂದ ಪ್ರಸ್ತಾವನೆಗಳಿಗೆ ಕೆಲವು ಪ್ರಶ್ನೆಗಳನ್ನು ಹಾಕುತ್ತಿದ್ದರು: ಪಾರಿಭಾಷಿಕ ಪದವಿಲ್ಲದೆ ಹೇಳಿ, ಏನು ಮಾಡಲು ಹೊರಟಿದ್ದೀರಿ? ಈಗ ಅದನ್ನು ಹೇಗೆ ಮಾಡುತ್ತಿದ್ದಾರೆ, ಅದರ ಮಿತಿ ಏನು? ನಿಮ್ಮದರಲ್ಲಿ ಹೊಸತೇನು? ಅದರಿಂದ ಯಾರಿಗೆ ಏನು? ಅಪಾಯಗಳೇನು, ಎಷ್ಟು ಖರ್ಚು, ಎಷ್ಟು ಕಾಲ? ನಡುವೆ ಮತ್ತು ಕೊನೆಗೆ ಯಶಸ್ಸನ್ನು ಹೇಗೆ ಪರೀಕ್ಷಿಸುತ್ತೀರಿ? ಕ್ಷೇತ್ರ ಬೇರೆಯಾದರೂ ಮಂಡಳಿಯ ಸಭೆಗೆ ಈ ಪಟ್ಟಿ ಚೆನ್ನಾಗಿ ಹೊಂದುತ್ತದೆ. ಎರಡನೇ ಪ್ರಶ್ನೆಗೆ ಉತ್ತರ ನಿಮ್ಮ ಹಾಜರಿ ಪುಸ್ತಕದಲ್ಲಿದೆ.

ಅಂಕಪಟ್ಟಿ:

ಇದರೊಂದಿಗೆ ಇನ್ನೊಂದು ಕೆಲಸ ಮಾಡಿ. ಆಹ್ವಾನದಲ್ಲಿ ಕಾರ್ಯಕ್ರಮಾಧಿಕಾರಿಯ ದೂರವಾಣಿ ಕೊಟ್ಟಿದ್ದರೆ ಕರೆ ಮಾಡಿ. ‘ನಿಮಗೆ ಏನು ಬೇಕು’ ಎಂದು ಕೇಳಬೇಡಿ, ಅದು ಆಹ್ವಾನದಲ್ಲೇ ಇದೆ. ನಿಮ್ಮ ಯೋಜನೆಯನ್ನು ಮೂರು ವಾಕ್ಯದಲ್ಲಿ ಹೇಳಿ, ಇದು ಈ ಸುತ್ತಿಗೆ ಹೊಂದುತ್ತದೆಯೇ ಎಂದು ಕೇಳಿ. ಹೊಂದುವುದಿಲ್ಲ ಎಂಬ ಉತ್ತರ ಬಂದರೆ ಮೂರು ವಾರದ ದುಡಿಮೆ ಉಳಿಯುತ್ತದೆ. ಹಿಂದಿನ ಅರ್ಜಿಯನ್ನು ತಿರಸ್ಕರಿಸಿದವರಿಗೂ ಒಂದು ಪತ್ರ ಬರೆದು ಪರಿಶೀಲಕರ ಟಿಪ್ಪಣಿ ಕೇಳಿ. ಎಲ್ಲರೂ ಕೊಡುವುದಿಲ್ಲ, ಆದರೆ ಕೇಳಿದವರಿಗೆ ಸಿಗುವುದುಂಟು.

ಅವಕಾಶ ಸಿಕ್ಕಿದರೆ ಯಾವುದಾದರೂ ಸಣ್ಣ ನಿಧಿಯ ಪರಿಶೀಲನಾ ಸಮಿತಿಯಲ್ಲಿ ಸ್ವಯಂಸೇವಕರಾಗಿ ಕುಳಿತುಕೊಳ್ಳಿ. ಕೋರ್ಸುಗಳ ಬಗ್ಗೆ ನೀವು ಕೇಳಿದ್ದಿರಿ. ಪ್ರತಿಷ್ಠಾನಗಳ ಮಾಹಿತಿ ಸಂಗ್ರಹಿಸುವ, 1956ರಲ್ಲಿ ಆರಂಭವಾದ ಅಮೆರಿಕದ ಫೌಂಡೇಶನ್ ಸೆಂಟರ್ 2019ರಲ್ಲಿ, ಸ್ವಯಂಸೇವಾ ಸಂಸ್ಥೆಗಳ ಮಾಹಿತಿ ಕೊಡುವ ಗೈಡ್‌ಸ್ಟಾರ್ ಜೊತೆ ವಿಲೀನಗೊಂಡು ಕ್ಯಾಂಡಿಡ್ ಎಂಬ ಹೆಸರು ಪಡೆದಿದೆ. ಅವರ ಆನ್‌ಲೈನ್ ತರಬೇತಿಗಳಲ್ಲಿ ಉಚಿತವಾದವೂ ಇವೆ. ಪರಿಭಾಷೆ ತಿಳಿಯಲು ಅವು ಸಾಕು. ಆದರೆ ಬೇರೆಯವರ ಐದು ಅರ್ಜಿಗಳಿಗೆ ಅಂಕ ಹಾಕಿ, ಕಾರಣ ಬರೆದ ನಂತರ ಸ್ವಂತ ಅರ್ಜಿಯನ್ನು ಓದಿದಾಗ ಆಗುವ ಕಸಿವಿಸಿಯನ್ನು ಯಾವ ಕೋರ್ಸೂ ಕೊಡಲಾರದು.

ಪುಟಮಿತಿ:

ಕೃತಕ ಬುದ್ಧಿಮತ್ತೆಯಿಂದ ಬರೆಸುವ ವಿಷಯ ಇನ್ನೂ ಯಾರೂ ಎತ್ತಿಲ್ಲ, ಎತ್ತಿಬಿಡುತ್ತೇನೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ (ಎನ್‌ಐಎಚ್) ಬಹುಪಾಲು ಕೃತಕ ಬುದ್ಧಿಮತ್ತೆಯಿಂದಲೇ ಸಿದ್ಧವಾದ ಅರ್ಜಿಗಳನ್ನು ಅರ್ಜಿದಾರರ ಸ್ವಂತ ಆಲೋಚನೆಯೆಂದು ಪರಿಗಣಿಸುವುದಿಲ್ಲ ಎಂದು 2025ರಲ್ಲಿ ಪ್ರಕಟಿಸಿತು. ನೀವು ಅರ್ಜಿ ಹಾಕುವಲ್ಲಿ ನಿಯಮ ಏನಿದೆ ಎಂದು ನೋಡಿಕೊಳ್ಳಿ. ಕಾಗುಣಿತ ತಿದ್ದಲು ಬಳಸಿದರೆ ನನ್ನ ತಕರಾರಿಲ್ಲ. ಆದರೆ ಆ 14 ಮಂದಿಯ ಉತ್ತರ ಅದಕ್ಕೆ ಗೊತ್ತಿರಲು ಸಾಧ್ಯವಿಲ್ಲ, ಗೊತ್ತಿಲ್ಲದ ಕಡೆ ಅದು ‘ಮುಖ್ಯವಾಹಿನಿ’ಯನ್ನೇ ತಂದು ತುಂಬುತ್ತದೆ. ಕಲಿಕಾರ್ಥಿಗಳ ಹೆಸರು, ವಿವರಗಳನ್ನಂತೂ ಅದಕ್ಕೆ ಕೊಡಲೇಬಾರದು.

ಹೊಸ ಕಡತ:

ಮಂಡಳಿಯ ಸಭೆ ಮುಗಿಯಿತು. ಎರಡು ಗಂಟೆ ಚರ್ಚೆಯಾಯಿತು, ಒಬ್ಬರು ಎದ್ದು ಹೋದರು, ಕೊನೆಗೆ ನಾಲ್ಕು ಹೊಸ ಕೇಂದ್ರಗಳ ನಿರ್ಣಯವನ್ನು ಮುಂದೂಡಿದರು. ಈಗಿರುವ ಎರಡು ಕೇಂದ್ರಗಳಲ್ಲೇ ಏಳೂವರೆಯಿಂದ ಎರಡನೇ ಸರದಿಯ ಪಾಠ, ತಲಾ ಇಬ್ಬರು ಶಿಕ್ಷಕರು, ಹತ್ತು ತಿಂಗಳು. ಕೇಳುವ ಮೊತ್ತ ಹಿಂದಿನದರ ಅರ್ಧಕ್ಕಿಂತ ಕಡಿಮೆ. ಕಾರ್ಯಕ್ರಮಾಧಿಕಾರಿಗೆ ಕರೆ ಮಾಡಿದೆ. ಮೂರು ವಾಕ್ಯ ಹೇಳಿ ಮುಗಿಸುವ ಮೊದಲೇ ಅವರು, ‘ರಾತ್ರಿ ಹೊತ್ತು ಹುಡುಗಿಯರು ಮನೆಗೆ ಹೇಗೆ ಹೋಗುತ್ತಾರೆ?’ ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಈಗ ವಾಹನದ ಸಾಲೊಂದು ಬಜೆಟ್‌ಗೆ, ‘ಅಪಾಯಗಳು’ ಎಂಬ ಭಾಗಕ್ಕೆ ಒಂದು ಪ್ಯಾರಾ ಸೇರಿದೆ. ‘ಅಗತ್ಯ’ದ ಹೊಸ ಸಾಲುಗಳು ಹೀಗಿವೆ:

“ಕಳೆದ ವರ್ಷ ನಮ್ಮ ಎರಡು ಸಂಜೆ ಕೇಂದ್ರಗಳಿಗೆ ಸೇರಿದ 64 ಹದಿಹರೆಯದವರಲ್ಲಿ 23 ಮಂದಿ ಮೂರು ತಿಂಗಳೊಳಗೆ ಪಾಠ ಬಿಟ್ಟರು. ಅವರಲ್ಲಿ 19 ಮಂದಿಯನ್ನು ನಮ್ಮ ಶಿಕ್ಷಕರು ಮತ್ತೆ ಭೇಟಿ ಮಾಡಿದಾಗ, ಪಾಠ ಶುರುವಾಗುವ ಹೊತ್ತಿಗೆ ತಮ್ಮ ಕೆಲಸ ಮುಗಿದಿರುವುದಿಲ್ಲ ಎಂದು 14 ಮಂದಿ ತಿಳಿಸಿದರು. ಪಾಠ ಬಿಟ್ಟಾಗ ಈ 14 ಮಂದಿಯಲ್ಲಿ ಯಾರೂ ಒಂದು ಅರ್ಜಿ ನಮೂನೆಯನ್ನು ಸ್ವತಃ ಓದಿ ತುಂಬುವ ಹಂತ ತಲುಪಿರಲಿಲ್ಲ.”

ಮೌಲ್ಯಮಾಪನಕ್ಕೆ, ಸೇರಿದ ವಾರ ಮತ್ತು ಹತ್ತನೇ ತಿಂಗಳಲ್ಲಿ ಪ್ರತಿಯೊಬ್ಬರೂ ಒಂದೇ ಮಟ್ಟದ ಒಂದು ಪುಟ ಓದಿ, ಒಂದು ನಮೂನೆ ತುಂಬುವ ಪರೀಕ್ಷೆ ಇಟ್ಟಿದ್ದೇವೆ. ‘ಇಷ್ಟು ತರಗತಿ ನಡೆದವು’ ಎಂಬುದನ್ನು ಉತ್ಪನ್ನದ ಸಾಲಿನಲ್ಲೇ ಬಿಟ್ಟಿದ್ದೇನೆ. ಇಡೀ ಅರ್ಜಿ ಒಂಬತ್ತು ಪುಟ. ನಾಳೆ ಸಲ್ಲಿಸುತ್ತೇನೆ. ಶಿಕ್ಷಕ-ತಿಂಗಳು 40, ಈ ಬಾರಿ ಬಜೆಟ್ಟನ್ನು ಲೆಕ್ಕದವರೂ ನಾನೂ ಒಂದೇ ಮೇಜಿನಲ್ಲಿ ಕೂತು ಮಾಡಿದೆವು.

ಕೂಡಿಕಳೆ:

ಚೆನ್ನಾಗಿದೆ. ಒಂದೇ ಅನುಮಾನ. ಸೇರಿದ ವಾರವೇ ಪರೀಕ್ಷೆ ನಡೆಸಬೇಕಾದರೆ ಶಿಕ್ಷಕರಿಗೆ ಅದಕ್ಕೂ ಮೊದಲು ತರಬೇತಿ ಆಗಿರಬೇಕಲ್ಲವೇ? ಆ ದಿನಗಳ ಸಂಬಳ 40ರಲ್ಲಿ ಸೇರಿದೆಯೇ?

ಹೊಸ ಕಡತ:

ಸೇರಿರಲಿಲ್ಲ. ಪಾಠಕ್ಕೆ ಮೊದಲು ಎರಡು ವಾರ, ನಾಲ್ಕು ಜನ, ಅಂದರೆ ಇನ್ನೆರಡು ಶಿಕ್ಷಕ-ತಿಂಗಳು. 42 ಎಂದು ಬಜೆಟ್‌ನಲ್ಲಿ, ಬಜೆಟ್ ವಿವರಣೆಯಲ್ಲಿ, ತಿಂಗಳುವಾರು ಹಾಳೆಯಲ್ಲಿ, ಸಾರಾಂಶದಲ್ಲಿ ನಾಲ್ಕೂ ಕಡೆ ತಿದ್ದಿದ್ದೇನೆ. ಮತ್ತೊಮ್ಮೆ ಕೂಡಿ ನೋಡಿ ಆಮೇಲೆ ಸಲ್ಲಿಸುತ್ತೇನೆ.